ಇಂಗ್ಲಿಷು ಕೋಶದಲ್ಲಿ ಎರೆಸೀಮೆಯ ಮಾತುಗಳು

ದೊಡ್ಡದೊಂದು ಇಂಗ್ಲಿಷು ನಿಘಂಟನ್ನು ತೆರೆದು ಪುಟಗಳನ್ನು ಮಗುಚುತ್ತ ಹೋದರೆ, ಇಂಗ್ಲಿಷರಲ್ಲಿಯೇ ಬಹುಮಂದಿ ಒಮ್ಮೆಯೂ ಬಾಯಿಗೆ ತಾರದ ನಾಮಪದಗಳು ಹೇರಳವಾಗಿ ಕಾಣಸಿಗುತ್ತವೆ. ವಿದ್ಯಾವಂತರು ಇವುಗಳನ್ನು ವಿನೋದಕ್ಕಾಗಿ ಕಲಿಯುವುದುಂಟು. ಪದಬಂಧ ಬಿಡಿಸುವವರಿಗೆ ಇವು ಒದಗುತ್ತವೆ. ಸಭೆಯಲ್ಲಿ ಒಂದನ್ನು ಪ್ರಯೋಗಿಸಿದರೆ ಕೇಳಿದವರು ತಲೆದೂಗುತ್ತಾರೆ. ಆದರೆ ಇಂಥ ಪದವನ್ನು ಒಬ್ಬರು ಮೊದಲು ಆಡಿದರು, ಇನ್ನೊಬ್ಬರು ಕೇಳಿದರು, ಮತ್ತೊಬ್ಬರು ಬರೆದಿಟ್ಟರು. ಆಡಿದವರಾರು, ಬರೆದವರಾರು, ಯಾವ ಕೆಲಸಕ್ಕಾಗಿ ಬರೆದರು ಎಂದು ವಿಚಾರಿಸತೊಡಗಿದರೆ, ಒಂದೊಂದು ನಾಮಪದವೂ ಒಂದು ಚಿಕ್ಕ ಶಾಸನದಂತೆ ತನ್ನ ಕಾಲದ ಸಂಗತಿಯನ್ನು ಹೇಳುತ್ತದೆ.

ಇಂಥ ಅಪರೂಪದ ಇಂಗ್ಲಿಷು ನಾಮಪದಗಳಲ್ಲಿ ಕೆಲವು ನಮ್ಮ ನೆಲದಿಂದಲೇ ಹೋದವು. ಲೂಟ್, ಬಂಗಲೋ ಮುಂತಾದವು ಎಲ್ಲರೂ ಬಲ್ಲವು. ಈ ಭಾಷಣದಲ್ಲಿ ನಾನು ಎತ್ತಿಕೊಂಡಿರುವುದು ಅಷ್ಟು ಪ್ರಸಿದ್ಧಿ ಪಡೆಯದ ಕೆಲವನ್ನು: ರೆಗರ್, ಚೋಲಂ, ಕರ್ಬಿ, ಚುನಾಂ, ಜಮ್ಮಾಬಂದಿ. ಇವುಗಳನ್ನು ಪರೀಕ್ಷಿಸುವುದಕ್ಕೆ ಒಂದು ಸೀಮೆಯನ್ನು ಒರೆಗಲ್ಲಾಗಿ ಇಟ್ಟುಕೊಳ್ಳೋಣ. ಅದು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಗಳ ಸೀಮೆ.

ಉತ್ತರಕ್ಕೆ ಭೀಮಾನದಿ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಮರಗಳು ವಿರಳ, ಮಣ್ಣು ಕಪ್ಪು, ಮಳೆ ಅನಿಶ್ಚಿತ. ರಾಜ್ಯಗಳು ಈ ನೆಲದ ಮೇಲೆ ಒಂದರ ಹಿಂದೊಂದರಂತೆ ಹಾದುಹೋದವು. 1686ರಲ್ಲಿ ಔರಂಗಜೇಬನು ಬಿಜಾಪುರವನ್ನು ಹಿಡಿಯುವವರೆಗೆ ಆದಿಲಶಾಹಿಗಳು ಆಳಿದರು. ಬಳಿಕ ಮೊಗಲರು, ನಿಜಾಮರು, 1760ರಿಂದ ಪೇಶವೆಗಳು. 1818ರಲ್ಲಿ ಪೇಶವೆಗಳ ರಾಜ್ಯ ಇಂಗ್ಲಿಷರ ಕೈಸೇರಿದಾಗ ಈ ಸೀಮೆಯ ಒಂದು ಭಾಗ ಸಾತಾರೆಯ ರಾಜರಿಗೆ ಕೊಡಲ್ಪಟ್ಟು, 1848ರಲ್ಲಿ ಅದೂ ಇಂಗ್ಲಿಷರದಾಯಿತು. ಜಿಲ್ಲೆಯ ಮುಖ್ಯಸ್ಥಳ ಮೊದಲು ಕಲಾದಗಿಯಾಗಿದ್ದು, 1885ರಲ್ಲಿ ಬಿಜಾಪುರಕ್ಕೆ ಬಂದಿತು. ಒಬ್ಬೊಬ್ಬ ದೊರೆ ಬಂದಾಗಲೂ ಕಚೇರಿಯ ಭಾಷೆ ಬದಲಾಯಿತು. ಪಾರಸಿ ಬಂದಿತು, ಮರಾಠಿ ಬಂದಿತು, ಇಂಗ್ಲಿಷು ಬಂದಿತು. ಹೊಲದ ಭಾಷೆ ಮಾತ್ರ ಕನ್ನಡವಾಗಿಯೇ ಉಳಿಯಿತು. ಹೊಲಕ್ಕೂ ಕಚೇರಿಗೂ ನಡುವೆ ಮಾತು ಹೇಗೆ ಓಡಾಡಿತು, ಆ ಓಡಾಟದಲ್ಲಿ ಏನು ಉಳಿಯಿತು, ಏನು ಕಳೆಯಿತು ಎಂಬುದೇ ಇಂದಿನ ವಿಷಯ.

ಮಾತು ಬಾಯಿಂದ ಬಾಯಿಗೆ ಹೋಗುವಾಗ ಆಕಾರಗೆಡುವುದು ಸಹಜ. ಇದನ್ನು ತೋರಿಸುವುದಕ್ಕೆ ಒಂದು ಗ್ರಂಥದ ಹೆಸರೇ ಸಾಕು. 1886ರಲ್ಲಿ ಹೆನ್ರಿ ಯೂಲ್ ಮತ್ತು ಆರ್ಥರ್ ಬರ್ನೆಲ್ ಎಂಬ ಇಬ್ಬರು ವಿದ್ವಾಂಸರ ಹೆಸರಿನಲ್ಲಿ, ಹಿಂದೂಸ್ಥಾನದಲ್ಲಿದ್ದ ಇಂಗ್ಲಿಷರ ಮಾತಿನಲ್ಲಿ ಬೆರೆತಿದ್ದ ದೇಶೀಯ ಪದಗಳ ಕೋಶವೊಂದು ಪ್ರಕಟವಾಯಿತು. ಬರ್ನೆಲ್ಲನು ಮಂಗಳೂರಿನಲ್ಲಿ ನ್ಯಾಯಾಧಿಕಾರಿಯಾಗಿದ್ದು ತುಳುನಾಡಿನ ಭೂತಾರಾಧನೆಯ ಸಾಮಗ್ರಿಯನ್ನು ಸಂಗ್ರಹಿಸಿದವನು. ಗ್ರಂಥ ಹೊರಬರುವುದಕ್ಕೆ ನಾಲ್ಕು ವರ್ಷ ಮುಂಚೆ, 1882ರಲ್ಲಿ, ತೀರಿಕೊಂಡನು. ಆ ಕೋಶದ ಹೆಸರು ಹಾಬ್ಸನ್-ಜಾಬ್ಸನ್. ಕೇಳಿದರೆ ಇಬ್ಬರು ಇಂಗ್ಲಿಷು ವ್ಯಾಪಾರಿಗಳ ಅಂಗಡಿಯ ಹೆಸರಿನಂತೆ ತೋರುತ್ತದೆ. ವಾಸ್ತವವಾಗಿ ಅದು ಮೊಹರಮ್ಮಿನ ಮೆರವಣಿಗೆಯಲ್ಲಿ ಎದೆ ಬಡಿದುಕೊಳ್ಳುತ್ತ ಕೂಗುವ ಯಾ ಹಸನ್, ಯಾ ಹುಸೇನ್ ಎಂಬ ಶೋಕಧ್ವನಿ. ಇಂಗ್ಲಿಷು ಸಿಪಾಯಿಗಳ ಕಿವಿಯಲ್ಲಿ ಅದು ಸವೆದು ಸವೆದು ಈ ರೂಪಕ್ಕೆ ಬಂದಿತು. ಪರಭಾಷೆಯ ಶಬ್ದವನ್ನು ತಮ್ಮ ಭಾಷೆಯ ಪರಿಚಿತ ಶಬ್ದದ ಅಚ್ಚಿಗೆ ಎರೆಯುವ ಪ್ರವೃತ್ತಿಯನ್ನು ಭಾಷಾಶಾಸ್ತ್ರಜ್ಞರು ಇಂದಿಗೂ ಹಾಬ್ಸನ್-ಜಾಬ್ಸನ್ ನಿಯಮವೆಂದು ಕರೆಯುತ್ತಾರೆ.

ಅದೇ ಮೊಹರಮ್ಮು ಬಿಜಾಪುರ ಸೀಮೆಯ ಹಳ್ಳಿಗಳಲ್ಲಿ ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ನಡೆಯುತ್ತದೆ. ಅಲ್ಲಿಯ ಜನ ಅದನ್ನು ಐಸುರವೆಂದೂ ಕರೆಯುತ್ತಾರೆ. ಹತ್ತನೆಯ ದಿನವೆಂಬ ಅರ್ಥದ ಆಶೂರಾ ಎಂಬ ಅರಬ್ಬಿಯ ಪದವೇ ಈ ಐಸುರ. ಸಿಪಾಯಿಯ ಕಿವಿ ಮಾಡಿದ ಕೆಲಸವನ್ನೇ ಒಕ್ಕಲಿಗನ ಕಿವಿಯೂ ಮಾಡಿತು. ವ್ಯತ್ಯಾಸವಿಷ್ಟೆ: ಸಿಪಾಯಿಗೆ ಅದು ಬೀದಿಯಲ್ಲಿ ಕೇಳಿದ ಗದ್ದಲ, ಒಕ್ಕಲಿಗನಿಗೆ ತಾನೂ ಹೆಜ್ಜೆ ಹಾಕಿ ಹಾಡುವ ಹಬ್ಬ.

ಪದಗಳು ಹೀಗೆ ಸವೆಯುವುದಕ್ಕೆ ಪರದೇಶದವರೇ ಬೇಕೆಂದಿಲ್ಲ. ಇಂಡಿಯ ಸಮೀಪದಲ್ಲಿ ಸಾಲೋಟಗಿ ಎಂಬ ಊರಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವೊಂದು ಅಲ್ಲಿದ್ದು, ಆ ಊರಿನಲ್ಲಿದ್ದ ಪ್ರಸಿದ್ಧ ವಿದ್ಯಾಶಾಲೆಯನ್ನೂ ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳು ಇಳಿದುಕೊಳ್ಳುವುದಕ್ಕಾಗಿದ್ದ 27 ಮನೆಗಳನ್ನೂ ಹೇಳುತ್ತದೆ. ಊರ ಹೆಸರು ಅಂದು ಪಾವಿಟ್ಟಗೆ. ಶಾಲೆಯ ಖ್ಯಾತಿಯಿಂದ ಶಾಲಾ ಪಾವಿಟ್ಟಗೆಯಾಗಿ, ಕ್ರಮೇಣ ಸಾಲೋಟಗಿಯಾಯಿತು. ಶಾಲೆಯ ಕಟ್ಟಡ ಹೋಯಿತು, ಪಾಠ ನಿಂತಿತು. ಆದರೂ ಊರಿನ ಹೆಸರಿನ ಮೊದಲ ಅಕ್ಷರದಲ್ಲಿ ಆ ಶಾಲೆ ಇನ್ನೂ ಕುಳಿತಿದೆ. ಸಾಲೋಟಗಿಯ ಹೆಸರಿನ ಅರ್ಥ ನಮಗೆ ತಿಳಿದದ್ದು ಕಲ್ಲಿನ ಮೇಲೆ ಯಾರೋ ಬರೆದಿಟ್ಟುದರಿಂದ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ನಡೆಯೋಣ.

ಮೊದಲು ನೆಲ. ಇಂಡಿ ಸಿಂದಗಿಗಳ ಎರೆಯ ಕೆಳಗಿರುವ ಕಪ್ಪು ಬಂಡೆಯನ್ನು ಭೂಗರ್ಭಶಾಸ್ತ್ರಜ್ಞರು ಡೆಕ್ಕನ್ ಟ್ರ್ಯಾಪ್ ಎನ್ನುತ್ತಾರೆ. ಇಲ್ಲಿ ಟ್ರ್ಯಾಪ್ ಎಂದರೆ ಬೋನು ಎಂದು ತಿಳಿಯಬಾರದು. ಸ್ವೀಡನ್ ದೇಶದ ಭಾಷೆಯಲ್ಲಿ ಟ್ರಪ್ಪಾ ಎಂದರೆ ಮೆಟ್ಟಿಲು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾರಸ ಪದರು ಪದರಾಗಿ ಹೆಪ್ಪುಗಟ್ಟಿ, ಗುಡ್ಡದ ಓರೆಗಳು ಮೆಟ್ಟಿಲಿನಂತೆ ಕಾಣುವುದರಿಂದ ಈ ಹೆಸರು. ಆ ಬಂಡೆ ಕರಗಿ ಆದ ಕಪ್ಪುಮಣ್ಣಿಗೆ ಇಂಗ್ಲಿಷು ಭೂಗೋಳದ ಪುಸ್ತಕಗಳಲ್ಲಿ ರೆಗರ್ ಎಂಬ ಹೆಸರು ಬಂದಿತು. ಇದು ಹಿಂದೀ ಪದವೆಂದು ಹಾಬ್ಸನ್-ಜಾಬ್ಸನ್ ಕೋಶ ಹೇಳಿ, ತೆಲುಗಿನ ರೇಗಡ ಎಂಬ ರೂಪವನ್ನೂ ಸೂಚಿಸುತ್ತದೆ. ನೆಲದ ಮೇಲೆ ನಿಂತ ಕನ್ನಡಿಗನಿಗೆ ಮಾತ್ರ ಅದು ಎರೆ. ಬಿಸಿಲಿಗೆ ಬಾಯ್ಬಿಡುವ, ಮಳೆಗೆ ಉಬ್ಬಿ ಮುಚ್ಚಿಕೊಳ್ಳುವ, ಒಮ್ಮೆ ಕುಡಿದ ನೀರನ್ನು ತಿಂಗಳುಗಟ್ಟಲೆ ಹಿಡಿದಿಡುವ ಮಣ್ಣು ಅದು. ಕೆಂಪು ನೆಲಕ್ಕೆ ಮಸಾರಿ, ಕಲ್ಲುನೆಲಕ್ಕೆ ಮಡ್ಡಿ, ಉಪ್ಪೆದ್ದ ನೆಲಕ್ಕೆ ಕರಲು. ರೆಗರ್ ಎಂದು ಹೇಳುವ ಪುಸ್ತಕ ಮಣ್ಣಿನ ಜಾತಿಯನ್ನು ಹೇಳುತ್ತದೆ. ಎರೆ, ಮಸಾರಿ, ಮಡ್ಡಿ ಎಂದು ಹೇಳುವ ಒಕ್ಕಲಿಗ ಯಾವುದರಲ್ಲಿ ಏನನ್ನು ಬಿತ್ತಬೇಕೆಂಬುದನ್ನೂ ಅದರೊಡನೆಯೇ ಹೇಳಿಬಿಡುತ್ತಾನೆ.

ಆ ಎರೆಯಲ್ಲಿ ಬೆಳೆಯುವ ಮುಖ್ಯ ಧಾನ್ಯ ಜೋಳ. ಇದಕ್ಕೆ ಇಂಗ್ಲಿಷರ ಬಳಕೆಯಲ್ಲಿ ಎರಡು ಹೆಸರುಗಳಿದ್ದವು. ಮುಂಬಯಿ ಮತ್ತು ಉತ್ತರದ ಕಾಗದಪತ್ರಗಳಲ್ಲಿ ಅದು ಜೊವಾರ್ ಅಥವಾ ಜೊವಾರಿ, ಮದರಾಸಿನವುಗಳಲ್ಲಿ ಚೋಲಂ. ಮೊದಲನೆಯದು ಉತ್ತರದ ಭಾಷೆಗಳಿಂದ ಬಂದದ್ದು. ಎರಡನೆಯದು ತಮಿಳಿನ ಚೋಳಂ. ನಮ್ಮ ಜೋಳದ ಒಡಹುಟ್ಟು. ಹೀಗೆ ಒಂದೇ ತೆನೆ ಒಂದು ಪ್ರಾಂತದ ಲೆಕ್ಕದಲ್ಲಿ ಒಂದು ಧಾನ್ಯವಾಗಿಯೂ ಇನ್ನೊಂದು ಪ್ರಾಂತದ ಲೆಕ್ಕದಲ್ಲಿ ಬೇರೊಂದು ಧಾನ್ಯವಾಗಿಯೂ ಕಾಣಿಸಿಕೊಂಡಿತು. ಬಿಜಾಪುರದ ರೈತ ಜೋಳವೆಂದು ಹೇಳಿದರೂ ಅವನು ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಕಾಗದದ ಮೇಲೆ ಅವನು ಬೆಳೆದದ್ದು ಜೊವಾರಿಯಾಯಿತು. ಬೆಳೆಯ ದಂಟಿಗೆ ಕರ್ಬಿ ಎಂಬ ಇಂಗ್ಲಿಷು ನಾಮಪದವಿದೆ, ದನಗಳ ಮೇವಾಗುವ ಜೋಳದ ದಂಟೆಂದು ಅದರ ಅರ್ಥ, ಮೂಲ ಹಿಂದೀ. ಇಂಡಿ ಸಿಂದಗಿಗಳಲ್ಲಿ ಅದೇ ಕಣಿಕೆ. ಆದರೆ ಹಾಲುಗಾಳಿನ ತೆನೆಯನ್ನು ಹೊಲದ ಬದುವಿನಲ್ಲೇ ಕೆಂಡದಲ್ಲಿ ಸುಟ್ಟು, ಉಜ್ಜಿ, ನೆರೆಹೊರೆಯವರನ್ನು ಕರೆದು ತಿನ್ನುವ ಸೀತನಿಗೆ ಸಮನಾದ ಇಂಗ್ಲಿಷು ಪದವನ್ನು ಯಾವ ಅಧಿಕಾರಿಯೂ ಬಯಸಲಿಲ್ಲ. ಕಣಿಕೆಗೆ ಬೆಲೆಯುಂಟು, ತೂಕವುಂಟು, ಸೀತನಿಗೆ ಕಂದಾಯವಿಲ್ಲ. ಕೋಶದ ಬಾಗಿಲಿನಲ್ಲಿ ನಿಂತು ಯಾರು ಒಳಕ್ಕೆ, ಯಾರು ಹೊರಕ್ಕೆ ಎಂದು ತೀರ್ಮಾನಿಸಿದ್ದು ಬಹುಮಟ್ಟಿಗೆ ಲೆಕ್ಕವೇ ಎಂಬುದು ಇಲ್ಲಿಂದಲೇ ತಿಳಿಯತೊಡಗುತ್ತದೆ.

ಇನ್ನು ಲಿಂಬೆಯ ಪ್ರಸ್ತಾಪವಿಲ್ಲದೆ ಇಂಡಿಯನ್ನು ದಾಟುವಂತಿಲ್ಲ. ಇಂಡಿಯ ಲಿಂಬೆಗೆ ಈಗ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಮೈಸೂರು ಕಡೆಯವರು ನಿಂಬೆ ಎನ್ನುವುದನ್ನು ಅಲ್ಲಿಯವರು ಲಿಂಬಿ ಎನ್ನುತ್ತಾರೆ. ನಕಾರ ಲಕಾರಗಳ ಈ ವಿನಿಮಯ ಕನ್ನಡದಲ್ಲಿ ಮಾತ್ರ ನಡೆದುದಲ್ಲ. ಹಿಂದೂಸ್ಥಾನದ ನಿಂಬೂ ಎಂಬುದಕ್ಕೂ ಪಾರಸಿಯ ಲೀಮೂ ಎಂಬುದಕ್ಕೂ ಪಂಡಿತರು ನೆಂಟಸ್ತಿಕೆಯನ್ನು ಹೇಳುತ್ತಾರೆ. ಪಾರಸಿಯಿಂದ ಅರಬ್ಬಿಗೆ, ಅಲ್ಲಿಂದ ಮೆಡಿಟರೇನಿಯನ್ ತೀರದ ಭಾಷೆಗಳಿಗೆ, ಅವುಗಳಿಂದ ಇಂಗ್ಲಿಷಿಗೆ ಹೋದ ಈ ಪದವೇ ಲೈಮ್. ಇನ್ನೊಂದು ಕವಲು ಲೆಮನ್. ಈ ಎರಡು ಹೆಸರುಗಳನ್ನು ಇಂಗ್ಲಿಷರು ಬಹುಕಾಲ ಒಂದರ ಬದಲಿಗೆ ಇನ್ನೊಂದೆಂಬಂತೆ ಬಳಸುತ್ತಿದ್ದರು. ಅದರ ಫಲ ವಿಚಿತ್ರವಾದುದು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ನೌಕಾವೈದ್ಯನು ಒಸಡು ಕೊಳೆತು ಸಾಯಿಸುವ ಸ್ಕರ್ವಿ ರೋಗದ ಹನ್ನೆರಡು ನಾವಿಕರನ್ನು ಇಬ್ಬಿಬ್ಬರಂತೆ ವಿಂಗಡಿಸಿ, ಬೇರೆಬೇರೆ ಉಪಚಾರ ಮಾಡಿ ನೋಡಿದನು. ಕಿತ್ತಳೆಯನ್ನೂ ಲೆಮನ್ನನ್ನೂ ತಿಂದವರು ಬೇಗನೆ ಗುಣಮುಖರಾದರು. 1795ರಿಂದ ಇಂಗ್ಲಿಷು ನೌಕಾಬಲ ಲೆಮನ್ ರಸವನ್ನು ಕೊಡತೊಡಗಿತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅದರ ಸ್ಥಾನಕ್ಕೆ ವೆಸ್ಟ್ ಇಂಡೀಸಿನ ಲೈಮ್ ರಸ ಬಂದಿತು. ಹೆಸರು ಹೆಚ್ಚುಕಡಿಮೆ ಒಂದೇ ಆಗಿದ್ದುದರಿಂದ ಗುಣವೂ ಒಂದೇ ಎಂದು ನಂಬಲಾಯಿತು. ಹುಳಿ ಹೆಚ್ಚಿದ್ದರೂ ರೋಗವನ್ನು ತಡೆಯುವ ಸತ್ತ್ವ ಆ ರಸದಲ್ಲಿ ಬಹಳ ಕಡಿಮೆಯಿತ್ತು. 1875ರಲ್ಲಿ ಉತ್ತರ ಧ್ರುವದ ಕಡೆಗೆ ಹೊರಟ ಇಂಗ್ಲಿಷು ತಂಡ ಲೈಮ್ ರಸವನ್ನು ಹೊಂದಿದ್ದರೂ ಸ್ಕರ್ವಿಗೆ ತುತ್ತಾಯಿತು. ಇಂಗ್ಲಿಷು ನಾವಿಕನಿಗೆ ಲೈಮಿ ಎಂಬ ಹಾಸ್ಯದ ಹೆಸರು ಉಳಿಯಿತು. ಎರಡು ವಸ್ತುಗಳಿಗೆ ಒಂದು ಹೆಸರಿದ್ದರೆ ಪ್ರಾಣಕ್ಕೂ ಸಂಚಕಾರ ಬರಬಹುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಲೈಮ್ ಎಂದರೆ ಇಂಗ್ಲಿಷಿನಲ್ಲಿ ಸುಣ್ಣವೂ ಹೌದು. ಆದರೆ ಆ ಲೈಮಿಗೂ ಹಣ್ಣಿಗೂ ಏನೇನೂ ಸಂಬಂಧವಿಲ್ಲ. ಅದು ಜರ್ಮಾನಿಕ ಮೂಲದ ಬೇರೆಯೇ ಶಬ್ದ. ಸುಣ್ಣಕ್ಕೆ ಹಿಂದೂಸ್ಥಾನದ ಇಂಗ್ಲಿಷರು ಚುನಾಂ ಎಂದರು. ಚೂರ್ಣವೆಂಬ ಸಂಸ್ಕೃತ ಪದಕ್ಕೆ ಸಂಬಂಧಪಟ್ಟ ದಕ್ಷಿಣದ ರೂಪವಿದು. ನಮ್ಮ ಸುಣ್ಣವೂ ಅದೇ ಕುಲದ್ದು. ತಾಳಿಕೋಟೆಯ ಸುತ್ತ ಸುಣ್ಣದ ಕಲ್ಲಿನ ಪದರುಗಳೇ ಇವೆ. ಲಿಂಬೆಯೂ ಸುಣ್ಣವೂ ಇಂಗ್ಲಿಷಿನಲ್ಲಿ ಒಂದೇ ಶಬ್ದವಾಗಿರುವಾಗ, ಕನ್ನಡದಲ್ಲಿ ಎರಡೂ ಸ್ಪಷ್ಟವಾಗಿ ಬೇರೆ ಬೇರೆಯಾಗಿವೆ.

ತಾಳಿಕೋಟೆಯ ಹೆಸರು ಬಂದ ಮೇಲೆ ಒಂದು ಮಾತು. 1565ರ ಜನವರಿಯಲ್ಲಿ ವಿಜಯನಗರದ ಸೈನ್ಯಕ್ಕೂ ದಕ್ಷಿಣಾಪಥದ ಸುಲ್ತಾನರಿಗೂ ಆದ ಮಹಾಯುದ್ಧವನ್ನು ಇಂಗ್ಲಿಷು ಇತಿಹಾಸಗಳು ತಾಳಿಕೋಟೆಯ ಯುದ್ಧವೆಂದು ಕರೆದವು. ಸುಲ್ತಾನರ ಸೈನ್ಯಗಳು ಡೋಣಿಯ ದಡದ ತಾಳಿಕೋಟೆಯಲ್ಲಿ ಕೂಡಿದುದು ನಿಜ. ಕಾಳಗ ನಡೆದುದು ಅಲ್ಲಿಂದ ದೂರ, ಕೃಷ್ಣೆಯ ಬದಿಯಲ್ಲಿ. ಆ ತೀರದ ಎರಡು ಹಳ್ಳಿಗಳ ಹೆಸರಿನಿಂದ ಕನ್ನಡಿಗರು ಅದನ್ನು ರಕ್ಕಸ ತಂಗಡಗಿಯ ಯುದ್ಧವೆನ್ನುತ್ತಾರೆ. ಬರೆದವರ ಹೆಸರೇ ಪಾಠಪುಸ್ತಕಕ್ಕೆ ಬಂದಿತು. ನೆಲದ ಹೆಸರು ಅಡಿಟಿಪ್ಪಣಿಗೆ ಇಳಿಯಿತು.

ಈಗ ಕಚೇರಿಯೊಳಕ್ಕೆ ಹೋಗೋಣ. ತಾಲ್ಲೂಕಿನ ಅಧಿಕಾರಿಯನ್ನು ಹಳೆಯ ಮೈಸೂರು ಸಂಸ್ಥಾನದಲ್ಲಿ ಅಮಲ್ದಾರರೆಂದೂ, ಹೈದರಾಬಾದಿನಲ್ಲೂ ಮದರಾಸಿನಲ್ಲೂ ತಹಸೀಲ್ದಾರರೆಂದೂ, ಮುಂಬಯಿ ಪ್ರಾಂತಕ್ಕೆ ಸೇರಿದ್ದ ಇಂಡಿ ಬಾಗೇವಾಡಿಗಳಲ್ಲಿ ಮಾಮಲೇದಾರರೆಂದೂ ಕರೆಯುತ್ತಿದ್ದರು. ಮೂರೂ ಪದಗಳು ಇಂಗ್ಲಿಷು ಕೋಶಗಳನ್ನು ಸೇರಿವೆ. ಅಮಲು ಎಂದರೆ ಅರಬ್ಬಿಯಲ್ಲಿ ಕಾರ್ಯ; ಮಾಮಲೆ ಎಂಬುದೂ ಅದೇ ಧಾತುವಿನಿಂದ ಬಂದು ವ್ಯವಹಾರವೆಂಬ ಅರ್ಥವುಳ್ಳದ್ದು. ಮೈಸೂರಿನವರೂ ಬಿಜಾಪುರದವರೂ ತಿಳಿಯದೆಯೇ ಒಂದೇ ಧಾತುವನ್ನು ಆಡುತ್ತಿದ್ದರು. ತಹಸೀಲು ಎಂದರೆ ವಸೂಲಿ. 1956ರ ನವೆಂಬರಿನಲ್ಲಿ ಕನ್ನಡನಾಡು ಒಂದುಗೂಡಿದ ಬಳಿಕ ಈ ಮೂರರಲ್ಲಿ ನಿಂತದ್ದು ತಹಸೀಲ್ದಾರ್ ಎಂಬುದು. ತಾಲ್ಲೂಕು ಎಂಬುದಕ್ಕೆ ಮೂಲದಲ್ಲಿ ಸಂಬಂಧ, ಅಧೀನತೆ ಎಂದರ್ಥ. ವರ್ಷದ ಕಂದಾಯದ ಒಟ್ಟು ನಿಷ್ಕರ್ಷೆಗೆ ಜಮಾಬಂದಿ, ಇಂಗ್ಲಿಷಿನಲ್ಲಿ ಜಮ್ಮಾಬಂದಿ. ಜಮಾ ಎಂದರೆ ಕೂಡಿದ ಮೊತ್ತ. ಈ ನಾಮಪದಗಳೆಲ್ಲ ಕೈಯನ್ನು ಒಂದೇ ಕಡೆಗೆ ಚಾಚುತ್ತವೆ.

ಇದು ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಬೆಳೆಗಳ ಹೆಸರಿನಲ್ಲಿ. ಖರೀಫ್, ರಬಿ ಎಂಬ ಎರಡು ನಾಮಪದಗಳು ಇಂಗ್ಲಿಷಿಗೂ ಹೋಗಿ, ಇಂದಿಗೂ ಸರ್ಕಾರದ ಪ್ರಕಟಣೆಗಳಲ್ಲಿವೆ. ಅರಬ್ಬಿಯಲ್ಲಿ ಖರೀಫ್ ಎಂದರೆ ಶರತ್ಕಾಲ, ರಬಿ ಎಂದರೆ ವಸಂತ. ಶರತ್ಕಾಲದಲ್ಲಿ ಕೊಯ್ಲಿಗೆ ಬರುವುದು ಖರೀಫು, ವಸಂತದಲ್ಲಿ ಕೊಯ್ಲಿಗೆ ಬರುವುದು ರಬಿ. ಅಂದರೆ ಬೆಳೆಗೆ ಹೆಸರು ಬಂದದ್ದು ಕೊಯ್ಲಿನಿಂದ. ಕನ್ನಡದ ಒಕ್ಕಲಿಗ ಹೇಳುವುದು ಮುಂಗಾರಿ, ಹಿಂಗಾರಿ. ಮುಂದಿನ ಕಾರು, ಹಿಂದಿನ ಕಾರು. ಕಾರು ಎಂದರೆ ಮಳೆಗಾಲ. ಇಲ್ಲಿ ಬೆಳೆಗೆ ಹೆಸರು ಬಂದದ್ದು ಮಳೆಯಿಂದ. ಕೊಯ್ಲಿನ ಹೆಸರು ರಾಶಿ ಕಣಕ್ಕೆ ಬರುವ ದಿನವನ್ನು, ಆದುದರಿಂದ ಕಂದಾಯ ಕೊಡುವ ದಿನವನ್ನು, ನೋಡುತ್ತದೆ. ಮಳೆಯ ಹೆಸರು ಮೋಡವನ್ನು ನೋಡುತ್ತದೆ. ಬಿಜಾಪುರ ಸೀಮೆಯ ಬಿಳಿಜೋಳ ಹಿಂಗಾರಿಯ ಬೆಳೆ. ಸೆಪ್ಟೆಂಬರು ಅಕ್ಟೋಬರಿನಲ್ಲಿ ಬಿತ್ತಿ, ಆಮೇಲೆ ಹನಿ ಬೀಳದಿದ್ದರೂ ಎರೆಯಲ್ಲಿ ಅಡಗಿದ ತೇವದಿಂದಲೇ ಫಸಲನ್ನು ತೆಗೆಯಬೇಕು. ಹಿಂದಿನ ಮಳೆ ತಪ್ಪಿದರೆ ಆ ವರ್ಷವೇ ತಪ್ಪಿತು. ಹಿಂಗಾರಿ ಎಂಬ ಮಾತಿನಲ್ಲಿ ಈ ಭಯವೂ ಇದೆ, ನಂಬಿಕೆಯೂ ಇದೆ. ರಬಿ ಎಂಬ ಮಾತಿನಲ್ಲಿ ಎರಡೂ ಇಲ್ಲ.

ಭೂಮಿಯ ಅಳತೆಯಲ್ಲಿಯೂ ಇದೇ ಕಥೆ. ಈ ಸೀಮೆಯಲ್ಲಿ ನೆಲವನ್ನು ಕೂರಿಗೆಯ ಲೆಕ್ಕದಲ್ಲಿ ಹೇಳುತ್ತಿದ್ದರು. ಕೂರಿಗೆ ಎಂದರೆ ಬಿತ್ತುವ ಸಾಧನ. ಒಂದು ಕೂರಿಗೆಯಿಂದ ಒಂದು ದಿನದಲ್ಲಿ ಬಿತ್ತಬಲ್ಲಷ್ಟು ನೆಲಕ್ಕೂ ಅದೇ ಹೆಸರು. ಅದನ್ನು ಈಗ ಸುಮಾರು 4 ಎಕರೆ ಎಂದು ಎಣಿಸುವುದುಂಟು. ಮುಂಬಯಿ ಪ್ರಾಂತದಲ್ಲಿ 1830ರ ದಶಕದಿಂದ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟರು ನೆಲೆಗೊಳಿಸಿದ ಭೂಮಾಪನ ಪದ್ಧತಿ ಎಕರೆ ಗುಂಟೆಗಳನ್ನು ತಂದಿತು. ಕೂರಿಗೆ ಮಸುಕಾಯಿತು. ಕೌತುಕವೆಂದರೆ ಎಕರೆ ಎಂಬ ಇಂಗ್ಲಿಷು ಪದವೂ ಆದಿಯಲ್ಲಿ ಹೊಲವೆಂಬ ಅರ್ಥದ್ದೇ. ಸಂಸ್ಕೃತದ ಅಜ್ರ, ಲ್ಯಾಟಿನ್ನಿನ ಅಗೆರ್ ಎಂಬವುಗಳಿಗೆ ದಾಯಾದಿ. ಇಂಗ್ಲೆಂಡಿನ ರೈತನಿಗೂ ಒಂದು ಕಾಲದಲ್ಲಿ ಎಕರೆ ಎಂದರೆ ಎತ್ತುಗಳನ್ನು ಹೂಡಿ ಒಂದು ದಿನದಲ್ಲಿ ಉಳಬಲ್ಲಷ್ಟು ನೆಲ. ಅಲ್ಲಿಯ ಕಾನೂನು ಅದನ್ನು ಸರಪಣಿಯ ಅಳತೆಯಾಗಿ ಮಾರ್ಪಡಿಸಿತು. ತನ್ನ ಎತ್ತುಗಳನ್ನು ಮರೆತ ಆ ಎಕರೆ ಸಮುದ್ರವನ್ನು ದಾಟಿ ಬಂದು, ಎತ್ತುಗಳನ್ನು ಇನ್ನೂ ನೆನೆಯುತ್ತಿದ್ದ ಕೂರಿಗೆಯನ್ನು ಹಿಂದಕ್ಕೆ ತಳ್ಳಿತು. ಸಮ ಅಳತೆಯಿಂದ ಹಿಡುವಳಿದಾರನಿಗೆ ಉಪಕಾರವೂ ಆಯಿತೆಂಬುದನ್ನು ಮರೆಯಬಾರದು. ಗಡಿ ಸ್ಪಷ್ಟವಾಯಿತು, ಕಂದಾಯ ಮುಂಚಿತವಾಗಿ ತಿಳಿಯಿತು. ಆದರೆ ಒಂದು ಹೊಲವೆಂದರೆ ಎಷ್ಟು ದುಡಿಮೆ ಎಂಬ ತಿಳಿವಳಿಕೆ ಅಳತೆಯ ಹೆಸರಿನಿಂದ ಮಾಯವಾಯಿತು.

ಇಷ್ಟರವರೆಗೆ ಹೇಳಿದ್ದು ಬರಿಯ ಪಾಂಡಿತ್ಯವೆಂದು ಯಾರಾದರೂ ಭಾವಿಸಿದರೆ, ಅವರು ಬರ ಎಂಬ ಪದವನ್ನು ಆಲೋಚಿಸಬೇಕು. ಹಳಗನ್ನಡದಲ್ಲಿ ಇದು ಶಕಟರೇಫದಿಂದ ಕೂಡಿದ ಬಱ. ಬತ್ತು, ಬರಡು ಎಂಬವುಗಳ ಬಳಗಕ್ಕೆ ಸೇರಿದ್ದು. ಮೂಲಾರ್ಥ ಒಣಗುವಿಕೆ. ಇಂಗ್ಲಿಷಿನ ಫ್ಯಾಮಿನ್ ಎಂಬುದು ಹಸಿವೆಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಇಂಗ್ಲಿಷರ ಪದ ಹೊಟ್ಟೆಯನ್ನು ನೋಡಿತು, ನಮ್ಮದು ನೆಲವನ್ನು ನೋಡಿತು. 1791-92ರ ಭಯಂಕರ ಕ್ಷಾಮ ಇಂಗ್ಲಿಷು ಗ್ರಂಥಗಳಲ್ಲಿ ದೋಜಿ ಬರ ಎಂಬ ಹೆಸರಿನಿಂದ ಉಳಿದಿದೆ. ಹೂಳುವವರಿಲ್ಲದೆ ಬಿದ್ದ ಹೆಣಗಳಿಂದಾಗಿ ಬುರುಡೆಗಳ ಬರವೆಂದು ಅದನ್ನು ವಿವರಿಸುತ್ತಾರೆ. ಹೀಗೆ ಒಂದು ಕನ್ನಡ ನಾಮಪದ ಇಂಗ್ಲಿಷು ಇತಿಹಾಸಕ್ಕೆ ಪ್ರವೇಶಿಸಿದ್ದು ಬುರುಡೆಗಳ ಮೂಲಕ.

1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಅಂದಿನ ಕಲಾದಗಿ ಜಿಲ್ಲೆ, ಎಂದರೆ ಈ ನಾಲ್ಕು ತಾಲ್ಲೂಕುಗಳನ್ನೂ ಒಳಗೊಂಡಿದ್ದ ಸೀಮೆ, ಮುಂಬಯಿ ಪ್ರಾಂತದಲ್ಲಿ ಅತ್ಯಂತ ಹೆಚ್ಚಾಗಿ ನೊಂದ ಪ್ರದೇಶಗಳಲ್ಲಿ ಒಂದು. ಆಗ ಪರಿಹಾರದ ಕಾಮಗಾರಿಗಳಲ್ಲಿ ಕೂಲಿಯನ್ನು ತಗ್ಗಿಸಲಾಯಿತು. ಸರ್ ರಿಚರ್ಡ್ ಟೆಂಪಲ್ಲನು ಸೂಚಿಸಿದ ಈ ಇಳಿಸಿದ ಕೂಲಿ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದು ಆಣೆ. ಇತಿಹಾಸಕಾರರು ಇದಕ್ಕೆ ಟೆಂಪಲ್ ಕೂಲಿ ಎಂಬ ಹೆಸರನ್ನೇ ಕೊಟ್ಟರು. ಈ ಟೆಂಪಲ್ಲಿಗೂ ದೇವಾಲಯಕ್ಕೂ ಸಂಬಂಧವಿಲ್ಲ. 1880ರಲ್ಲಿ ಕ್ಷಾಮ ಆಯೋಗದ ವರದಿ ಬಂದಿತು. 1883ರಲ್ಲಿ ಕ್ಷಾಮ ಸಂಹಿತೆಯೊಂದು ಸಿದ್ಧವಾಯಿತು. ಸಂಕಟದ ತೀವ್ರತೆಯನ್ನು ಹಂತಹಂತವಾಗಿ ಗುರುತಿಸುವ ಕ್ರಮ ಅದರಿಂದ ಬಂದಿತು: ಕೊರತೆಯ ಸೂಚನೆ, ಕೊರತೆ, ಕ್ಷಾಮ. ಹಸಿದವನು ಒಬ್ಬನೇ, ಆದರೆ ಅವನಿರುವುದು ಕೊರತೆಯಲ್ಲೋ ಕ್ಷಾಮದಲ್ಲೋ ಎಂದು ಬರೆಯುವವನ ಲೇಖನಿಯನ್ನು ಅವಲಂಬಿಸಿ ಅವನಿಗೆ ಸಿಗುವ ಸಹಾಯ ಬೇರೆಯಾಯಿತು. ಒಂದು ನಾಮಪದಕ್ಕೆ ಬದಲಾಗಿ ಇನ್ನೊಂದನ್ನು ಇಡುವುದು ವ್ಯಾಕರಣದ ವಿಷಯವಷ್ಟೇ ಆಗಿ ಉಳಿಯಲಿಲ್ಲ. ಮುಂದೆ ನೆರೆಯ ಮಹಾರಾಷ್ಟ್ರದಲ್ಲಿ, 1963ರಲ್ಲಿ, ಕಾನೂನುಗಳಿಂದ ಫ್ಯಾಮಿನ್ ಎಂಬ ಪದವನ್ನೇ ತೆಗೆದುಹಾಕಿ ಕೊರತೆ ಎಂಬರ್ಥದ ಪದವನ್ನು ಇಡುವುದಕ್ಕಾಗಿ ಒಂದು ಅಧಿನಿಯಮವೇ ಆಯಿತು. ಬಿಜಾಪುರ ಅಷ್ಟರೊಳಗೆ ಮುಂಬಯಿಯನ್ನು ಬಿಟ್ಟು ಕನ್ನಡನಾಡಿಗೆ ಸೇರಿತ್ತು. ಡೋಣಿಯ ದಡದಲ್ಲಿ ಬರ ಬರವೆಂದೇ ಕರೆಯಿಸಿಕೊಳ್ಳುತ್ತಿದೆ.

ನೀರಿನ ಕೊರತೆಗೆ ಮನುಷ್ಯ ಕಂಡ ಉಪಾಯದ ಹೆಸರೂ ಇಂಗ್ಲಿಷು ಕೋಶದಲ್ಲಿದೆ. ಅನಿಕಟ್ ಎಂಬ ಆ ನಾಮಪದ ತಮಿಳಿನ ಅಣೈಕಟ್ಟು. ನಮ್ಮ ಅಣೆಕಟ್ಟಿನದೇ ರೂಪಾಂತರ. ಹಿಂದೆ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ ಆಲಮಟ್ಟಿಯಲ್ಲಿ 1964ರಲ್ಲಿ ಕೃಷ್ಣೆಗೆ ಅಣೆಕಟ್ಟಿನ ಶಂಕುಸ್ಥಾಪನೆಯಾಯಿತು. ಜಲಾಶಯ ತುಂಬಿದಂತೆ ಒಣನೆಲಕ್ಕೆ ನೀರು ಬಂದಿತು. ಅದರೊಂದಿಗೆ ದಂಡೆಯ ಹಳ್ಳಿಗಳು ನೀರಿನಡಿಗೆ ಹೋದವು. ಊರು ಮುಳುಗಿದಾಗ ಅದರ ಹೊಲಗಳ ಹೆಸರು, ಮಡುವಿನ ಹೆಸರು, ದಿನ್ನೆಯ ಹೆಸರು ಮುಳುಗುತ್ತವೆ. ಭೂಮಿಗೆ ಪರಿಹಾರದ ದರವುಂಟು. ಈ ಹೆಸರುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಕಾಲಮ್ಮು ಯಾವ ತಖ್ತೆಯಲ್ಲೂ ಇರುವುದಿಲ್ಲ.

ಇಂಗ್ಲಿಷರು ನಮ್ಮ ಮಾತನ್ನು ಕೆಡಿಸಿದರೆಂದು ದೂರುವುದು ಇಲ್ಲಿಯ ಉದ್ದೇಶವಲ್ಲ. ನಾವೂ ಲ್ಯಾಂಟರ್ನನ್ನು ಲಾಂದ್ರವೆಂದೆವು. ಉತ್ತರ ಕರ್ನಾಟಕದವರು ಅದನ್ನೇ ಕಂದೀಲು ಎನ್ನುತ್ತಾರೆ. ಅದು ಅರಬ್ಬಿಯ ಮೂಲಕ ಬಂದ ಲ್ಯಾಟಿನ್ನಿನ ಕಂದೇಲ, ಇಂಗ್ಲಿಷಿನ ಕ್ಯಾಂಡಲ್ಲಿನ ಸಹೋದರ. ಪದಗಳ ಪ್ರಯಾಣದಲ್ಲಿ ಯಾರೂ ಶುದ್ಧರಲ್ಲ. ಇಂಗ್ಲಿಷರ ಕಡೆಯಿಂದ ನಾವು ಕಲಿಯಬೇಕಾದದ್ದು ಬೇರೊಂದಿದೆ. 1884ರಲ್ಲಿ ಆಕ್ಸ್‌ಫರ್ಡಿನ ಮಹಾನಿಘಂಟಿನ ಮೊದಲ ಸಂಚಿಕೆ ಹೊರಬಂದಿತು. ಅದೇ ವರ್ಷ ಮುಂಬಯಿ ಗೆಜೆಟಿಯರಿನ ಬಿಜಾಪುರ ಸಂಪುಟವೂ ಹೊರಬಂದಿತು. ಹತ್ತು ವರ್ಷಗಳ ಬಳಿಕ, 1894ರಲ್ಲಿ, ಕಿಟ್ಟೆಲರ ಕನ್ನಡ ಇಂಗ್ಲಿಷು ನಿಘಂಟು ಮಂಗಳೂರಿನಿಂದ ಬಂದಿತು. ಕೇಳಿದ್ದನ್ನು ಬರೆದಿಡಬೇಕು, ಬರೆದುದನ್ನು ಜೋಡಿಸಿಡಬೇಕು ಎಂಬ ಛಲ ಅವರಲ್ಲಿತ್ತು. ತಪ್ಪಾಗಿ ಕೇಳಿಸಿಕೊಂಡರೂ ಬರೆದಿಟ್ಟುದರಿಂದಲೇ ಚೋಲಂ, ಕರ್ಬಿ, ರೆಗರ್ ಎಂಬವು ಇಂದು ನಮಗೆ ವಿಚಾರಕ್ಕೆ ಸಿಕ್ಕುತ್ತವೆ.

ಅವರು ತಮ್ಮ ಕೆಲಸಕ್ಕೆ ಬೇಕಾದುದನ್ನು ಬರೆದುಕೊಂಡರು. ಬೇಡವಾದುದನ್ನು ಬರೆಯಬೇಕಾದವರು ನಾವು. ಹಿಂದೆ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಈ ಕೆಲಸವನ್ನು ಮಾಡಿದವರಿದ್ದರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಹಲಸಂಗಿಯ ಗೆಳೆಯರು ಬೀಸುವ, ಕುಟ್ಟುವ ಹೆಣ್ಣುಮಕ್ಕಳ ಹಾಡುಗಳನ್ನು ಅವರ ಬಾಯಿಂದಲೇ ಬರೆದುಕೊಂಡರು; 1931ರಲ್ಲಿ ಗರತಿಯ ಹಾಡು ಪ್ರಕಟವಾಯಿತು. ಯಾವ ಸರ್ಕಾರವೂ ಅವರಿಗೆ ಅಪ್ಪಣೆ ಮಾಡಿರಲಿಲ್ಲ. ಕಂದಾಯದ ಲೆಕ್ಕಕ್ಕೆ ಬಾರದ ಎಷ್ಟೋ ಮಾತುಗಳು ಆ ಪುಸ್ತಕಗಳಲ್ಲಿ ಆಶ್ರಯ ಪಡೆದವು.

ಬೀಸುವ ಕಲ್ಲಿನ ಸ್ಥಾನಕ್ಕೆ ಗಿರಣಿ ಬಂದಿದೆ. ಕೂರಿಗೆಯ ಸ್ಥಾನಕ್ಕೆ ಟ್ರ್ಯಾಕ್ಟರು ಬಂದಿದೆ. ಒಳ್ಳೆಯದೇ, ಯಾರ ರಟ್ಟೆಗೂ ವ್ಯರ್ಥ ಶ್ರಮ ಬೇಡ. ಆದರೆ ಸಾಧನ ಮೂಲೆ ಸೇರಿದಾಗ ಅದರ ಅಂಗಾಂಗಗಳ ಹೆಸರೂ, ಅದರೊಡನೆ ಬೆಳೆದ ಗಾದೆಯೂ, ಮಣ್ಣಿನ ಹದವನ್ನು ಹೇಳುವ ನುಡಿಯೂ ಮೂಲೆ ಸೇರುತ್ತವೆ. ಎರೆಯ ಹದ ತಿಳಿದ ಮುದುಕರು ಮುದ್ದೇಬಿಹಾಳದಲ್ಲಿ, ಸಿಂದಗಿಯಲ್ಲಿ ಇನ್ನೂ ಇದ್ದಾರೆ. ನಗರದಲ್ಲಿ ಓದಿದ ಅವರ ಮೊಮ್ಮಕ್ಕಳಿಗೆ ರಬಿ ಗೊತ್ತು, ಹಿಂಗಾರಿ ಅಷ್ಟಾಗಿ ಗೊತ್ತಿಲ್ಲ. ರಜೆಯಲ್ಲಿ ಊರಿಗೆ ಹೋದವರು ಒಂದು ಪುಸ್ತಕವನ್ನು ಕೈಯಲ್ಲಿ ಹಿಡಿದು ಅಜ್ಜನ ಬಳಿ ಕುಳಿತು, ಈ ಹೊಲದ ಹೆಸರೇನು, ಈ ಮಣ್ಣಿಗೆ ಏನೆನ್ನುತ್ತೀರಿ, ಈ ಮಳೆಗೆ ಏನೆನ್ನುತ್ತೀರಿ ಎಂದು ಕೇಳಿ ಬರೆದುಕೊಂಡರೆ ಸಾಕು. ಸಾಲೋಟಗಿಯ ಶಾಲೆಯ ಹೆಸರು ಸಾವಿರ ವರ್ಷ ಉಳಿದದ್ದು ಯಾರೋ ಒಬ್ಬರು ಕಲ್ಲಿನ ಮೇಲೆ ಅದನ್ನು ಕೊರೆದಿಟ್ಟುದರಿಂದ. ನಮಗೆ ಕಲ್ಲು ಬೇಕಿಲ್ಲ. ಕಾಗದವೂ ಸ್ವಲ್ಪ ವ್ಯವಧಾನವೂ ಸಾಕು.